ದ್ಯುಫ್ರೇನರ ಮರಕ್ಕೆ ಬೇವಿನಮರದವರ ಔಷಧ

ನನ್ನ ಗಂಡನ ಹೆಸರು ಮಡಿವಾಳಪ್ಪ ಬೇವಿನಮರದ. ಕೆನಡಾದಲ್ಲಿ ಮೂವತ್ತು ನಲವತ್ತು ವರ್ಷ ಈ ಹೆಸರು ಹೊತ್ತು ತಿರುಗುವುದು ಹುಡುಗಾಟವಲ್ಲ. ಎಟೋಬಿಕೋಕಿನ ನಕಾಶೆ ಕಂಪನಿಗೆ ಇವರು ಮೊದಲ ದಿನ ಹೋದಾಗ ಅಲ್ಲಿನ ಮೇಲಧಿಕಾರಿ ಮೂರು ಸಲ ಓದಲು ಹೆಣಗಾಡಿ, ಕೊನೆಗೆ ಅರ್ಧಕ್ಕೇ ಕೈಬಿಟ್ಟು 'ಬೆವ್' ಎಂದನಂತೆ. ಆ ಹೆಸರು ಇಲ್ಲಿ ಹೆಂಗಸರಿಗೆ ಇಡುವಂಥದು. ಗಿರಿಜಾ ಮೀಸೆಯ ಈ ಮನುಷ್ಯ ಮೂವತ್ತೆರಡು ವರ್ಷ ಬೆವ್ ಆಗಿಯೇ ದುಡಿದರು. ೨೦೦೬ರಲ್ಲಿ ನಿವೃತ್ತರಾದಾಗ ಕತ್ತರಿಸಿದ ಕೇಕಿನ ಮೇಲೂ ಬೆವ್ ಅಂತಲೇ ಬರೆದಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಇವರು ನಗಲಿಲ್ಲ.

ನಕಾಶೆಯ ಮೇಲೆ ಊರುಗಳ ಹೆಸರು ಬರೆಯುವುದೇ ಇವರ ಕೆಲಸ. ಕ್ವಿಬೆಕ್ ಕಡೆಯ ಹಾಳೆಗಳೆಲ್ಲ ಇವರ ಪಾಲಿಗೇ ಬರುತ್ತಿದ್ದವು. ಫ್ರೆಂಚ್ ಬರುತ್ತಿರಲಿಲ್ಲ, ಅಕ್ಷರ ನೋಡಿ ಅಕ್ಷರ ಬರೆಯುವುದು ಅಷ್ಟೇ. ಒಂದು ದಿನ ಪಕ್ಕದ ಮೇಜಿನ ದ್ಯುಶೇನ್ ಎಂಬಾತನನ್ನು, ನಿನ್ನ ಹೆಸರಿಗೆ ಅರ್ಥ ಏನಪ್ಪಾ ಎಂದು ಕೇಳಿದ್ದಾರೆ. 'ಓಕ್ ಮರದವನು' ಅಂದಿದ್ದಾನೆ. ಆವತ್ತು ಮನೆಗೆ ಬಂದವರು ಬೂಟು ಬಿಚ್ಚಲಿಲ್ಲ, ಕೋಟು ಬಿಚ್ಚಲಿಲ್ಲ.

"ಕೇಳಿಲ್ಲಿ, ಇವ್ರೂ ನಮ್ಮಂಗ ಅದಾರ! ಮರದ ಹೆಸರು ಮನಿತನಕ್ಕ ಇಟ್ಕೊಂಡಾರ!" ಎಂದು ಅಡಿಗೆಮನೆಯಲ್ಲೇ ಕುಣಿದರು.

ಅಲ್ಲಿಂದ ಶುರುವಾಯಿತು ಹುಚ್ಚು. ಟೆಲಿಫೋನ್ ಡೈರೆಕ್ಟರಿ ಇವರಿಗೆ ಪುರಾಣ. ಲಾಫ್ಲೂರ್ ಅಂದರೆ ನಮ್ಮ ಹೂಗಾರ. ದೆರೋಸಿಯೇ ಅಂದರೆ ಗುಲಾಬಿ ಗಿಡದವರು. ಬೇಕರಿಯಲ್ಲಿ ತ್ರಾಂಬ್ಲೇ ಎಂಬ ಹುಡುಗಿ ಸಿಕ್ಕರೆ, ಬ್ರೆಡ್ಡು ಕೊಳ್ಳುವುದು ಬಿಟ್ಟು, ನಿಮ್ಮ ಹಿರೀಕರು ಎಲೆ ನಡುಗಿಸುವ ಮರಗಳ ತೋಪಿನವರು ಗೊತ್ತೇನು ಎಂದು ಅವಳಿಗೇ ಪಾಠ. ಆ ಮರದ್ದೇ ಹೆಸರು ಹೊತ್ತ ಭೂಶಿರವೊಂದು ಮಾಂಟ್ರಿಯಲ್ಲಿನ ಬಳಿ ಇದೆಯಂತೆ, ಅದನ್ನು ತಾವೇ ಕೈಯಾರೆ ಬರೆದಿದ್ದರಂತೆ. ಹುಣಸಿಮರದ, ಮೆಣಸಿನಕಾಯಿ, ಉಳ್ಳಾಗಡ್ಡಿ, ಬದನಿಕಾಯಿ ಅಂತ ನಮ್ಮ ಧಾರವಾಡದ ಕಡೆ ಅಡ್ಡಹೆಸರು ಇಲ್ಲವೇ, ಹಾಗೆ ಎಂದು ನಾವು ಹೋದ ಔತಣದಲ್ಲೆಲ್ಲ ವಿವರಿಸುವರು. ಎಟೋಬಿಕೋಕ್ ದಾಟುವಾಗ ಒಂದು ದಿನವೂ ತಪ್ಪದೆ, ಇದೂ ಮರದ ಹೆಸರೇ, ಇಲ್ಲಿನ ಮೂಲನಿವಾಸಿಗಳು ಆಲ್ಡರ್ ಮರ ಬೆಳೆಯುವ ಜಾಗಕ್ಕೆ ಹಾಗೆ ಕರೆದರು ಅನ್ನುವರು. ಆ ಮಾತನ್ನು ನಾನು ಸಾವಿರ ಸಲವಾದರೂ ಕೇಳಿದ್ದೇನೆ, ಸುಳ್ಳಲ್ಲ.

ಈ ಹುಚ್ಚಿಗೆ ಮಗ ಸಿದ್ಧಾರ್ಥ್ ತಣ್ಣೀರು ಸುರಿದ. ೨೦೦೮ರಲ್ಲಿ ಅವನಿಗೆ ಮಗಳು ಹುಟ್ಟಿದಾಗ ಕಾಗದಪತ್ರದಲ್ಲಿ ಅಡ್ಡಹೆಸರನ್ನೇ ತೆಗೆಸಿಬಿಟ್ಟ. ತನ್ನದರಿಂದಲೂ ತೆಗೆಸಿದ.

"ನೋಬಡಿ ಕ್ಯಾನ್ ಸೇ ಇಟ್, ಅಪ್ಪಾ. ನಿಮ್ಮನ್ನ ಬೆವ್ ಅಂದ್ರು, ನನ್ನನ್ನ ಸ್ಕೂಲಲ್ಲಿ ಏನೇನು ಅಂದ್ರು ಗೊತ್ತಾ? ಈ ಮಗೂಗೆ ಅದು ಬೇಡ," ಎಂದ.

ಅವನದು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ. ಇವರು ಆವತ್ತು ಊಟ ಬಿಟ್ಟರು. ಹಾಡು ಗುನುಗುವ ಅಭ್ಯಾಸವಿತ್ತು, ಅದನ್ನೂ ಬಿಟ್ಟರು. ಮಾತಾಡಿಸಿದರೆ "ಏನೈತಿ ಇನ್ನ, ಹೆಸರು ನನ್ನ ಸಂಗ್ತೀನ ಮುಗೀತು" ಅನ್ನುವರು. ನನಗೆ ಸಿಟ್ಟೂ ಬರುತ್ತಿತ್ತು, ಪಾಪ ಅಂತಲೂ ಅನ್ನಿಸುತ್ತಿತ್ತು.

ಮರುವರ್ಷ ನಾವು ಮಿಸಿಸಾಗಾದ ಸ್ಟ್ರೀಟ್ಸ್‌ವಿಲ್‌ನಲ್ಲಿ ಸಣ್ಣ ಬಂಗಲೆ ಹಿಡಿದೆವು. ಸಾಮಾನು ಇಳಿಸುತ್ತಿರುವಾಗ ಇವರು ಪಕ್ಕದ ಮನೆಯ ಅಂಚೆಪೆಟ್ಟಿಗೆಯ ಮುಂದೆ ಕಂಬದಂತೆ ನಿಂತುಬಿಟ್ಟರು. ಅದರ ಮೇಲೆ ದ್ಯುಫ್ರೇನ್ ಎಂದು ಬರೆದಿತ್ತು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಹೋಗಿ ಬಾಗಿಲು ಬಡಿದರು. ಸರಪಳಿ ಬಿಗಿದ ಬಾಗಿಲ ಸಂದಿಯಿಂದ ಎಂಬತ್ತರ ಆಸುಪಾಸಿನ ಬೆಳ್ಳಿಕೂದಲ ಅಜ್ಜಿ ಇಣುಕಿದಳು. ಇವರು ನಮಸ್ಕಾರವಿಲ್ಲ, ಪರಿಚಯವಿಲ್ಲ, ನೇರ ಇಂಗ್ಲಿಷಿನಲ್ಲಿ, "ದ್ಯುಫ್ರೇನ್! ನೀವು ಆಶ್ ಮರದವರು, ನಾನು ಬೇವಿನ ಮರದವನು," ಎಂದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಅಜ್ಜಿ ಸರಪಳಿ ತೆಗೆದಳು. ಅವಳ ಹೆಸರು ವಿಯೊಲೆತ್, ಅದೂ ಹೂವಿನ ಹೆಸರೇ. ಊರಿನ ಇಂಗ್ಲಿಷಿನವರು ಐವತ್ತು ವರ್ಷದಿಂದ ಅವಳನ್ನು 'ಡಫ್ರೆಸ್ನಿ' ಎಂದು ಕರೆದು ಕರೆದು ಸುಸ್ತು ಮಾಡಿದ್ದರು. ಇವರು ಕಂಪನಿಯ ದ್ಯುಶೇನ್‌ನಿಂದ ಕಲಿತು ಸರಿಯಾಗಿ ಉಚ್ಚರಿಸಿದ್ದು ಕೇಳಿ ಅವಳಿಗೆ ಕಣ್ಣೀರೇ ಬಂತು. ಅದಕ್ಕೆ ಪ್ರತಿಯಾಗಿ ಅವಳೂ ಮೂರು ದಿನ ಅಭ್ಯಾಸ ಮಾಡಿ, ನಾಲ್ಕನೆಯ ದಿನ ಬೇಲಿಯಾಚೆಯಿಂದ ಕೂಗಿದಳು: "ಮೊಸ್ಯೊ ಬೇವಿನಮರದ!" ಮೊಸ್ಯೊ ಅಂದರೆ ಶ್ರೀಯುತರು; ಹೆಸರಿನಲ್ಲಿ ಒಂದಕ್ಷರ ಕಡಿಮೆಯಿಲ್ಲ. ಇವರ ಮುಖ ನೋಡಬೇಕಿತ್ತು ಆಗ. ಮದುವೆಯ ದಿನವೂ ನನ್ನನ್ನು ನೋಡಿ ಅಷ್ಟು ಅರಳಿರಲಿಲ್ಲ, ಮುದಿಯ!

ಅವಳ ಹಿತ್ತಲಲ್ಲಿ ಒಂದು ಆಶ್ ಮರವಿತ್ತು. ಫ್ರೆಂಚಿನಲ್ಲಿ ಅದಕ್ಕೆ ಫ್ರೇನ್ ಅನ್ನುತ್ತಾರೆ, ದ್ಯುಫ್ರೇನ್ ಬಂದದ್ದು ಅದರಿಂದಲೇ. ಅವಳ ಗಂಡ ಲೂಸಿಯೆನ್ ೧೯೬೧ರಲ್ಲಿ ಒಟ್ಟಾವಾ ನದಿಯ ಕಡೆಯ ಅಪ್ಪನ ಹೊಲದಿಂದ ಗೇಣುದ್ದದ ಸಸಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ನೆಟ್ಟಿದ್ದ. ನಾವು ಹೋದಾಗ ಅದು ಎರಡು ಮನೆಯ ಹಿತ್ತಲಿಗೂ ನೆರಳು ಕೊಡುತ್ತಿತ್ತು. ಅವರಿಗೆ ಮಕ್ಕಳಾಗಲಿಲ್ಲ. ಲೂಸಿಯೆನ್‌ನ ತಮ್ಮ ಪಾದ್ರಿಯಾದ, ತಂಗಿಯರು ಮದುವೆಯಾಗಿ ಬೇರೆ ಹೆಸರಿನವರಾದರು. ಲೂಸಿಯೆನ್ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು.

"ನನ್ನ ನಂತರ ಈ ಮನೆತನದಲ್ಲಿ ಉಳಿಯುವುದು ಇದೊಂದೇ," ಎಂದಳು ವಿಯೊಲೆತ್ ಕಾಂಡ ಸವರುತ್ತ. "ನಾನು ದೇವರಲ್ಲಿ ಬೇರೇನೂ ಕೇಳುವುದಿಲ್ಲ. ಇದು ನನಗಿಂತ ಮುಂಚೆ ಹೋಗಬಾರದು, ಅಷ್ಟೇ."

ಇವರು ಕನ್ನಡಕ ತೆಗೆದು ಒರೆಸಿಕೊಂಡರು. ತಮ್ಮ ಹೆಸರಿಗೆ ಇಲ್ಲಿ ಅಂಥದೊಂದು ಮರವೂ ಇಲ್ಲ ಎಂದು ಅವರ ಮನಸ್ಸಿಗೆ ಬಂದಿರಬೇಕು.

ಆ ಹೊತ್ತಿಗಾಗಲೇ ಮಿಸಿಸಾಗಾದ ಆಶ್ ಮರಗಳಿಗೆ ಹಸಿರು ದುಂಬಿಯ ಕಾಟ ಹತ್ತಿತ್ತು. ಏಷ್ಯಾದ ಕಡೆಯಿಂದ ಮರದ ಪೆಟ್ಟಿಗೆಗಳಲ್ಲಿ ಬಂದ ದುಂಬಿಯಂತೆ. ಅದರ ಹುಳು ತೊಗಟೆಯ ಕೆಳಗೆ ಸೇರಿಕೊಂಡು ಮರದ ರಸದ ದಾರಿಯನ್ನೇ ತಿಂದುಹಾಕುತ್ತದೆ. ೨೦೧೧ರ ಜೂನ್‌ನಲ್ಲಿ ವಿಯೊಲೆತ್ ಒಬ್ಬ ಮರದ ಡಾಕ್ಟರನ್ನು ಕರೆಸಿದಳು. ನಾವಿಬ್ಬರೂ ಹೋಗಿ ನಿಂತೆವು. ಅವನು ಸುತ್ತಿ ಬಂದು, ಮರ ಇನ್ನೂ ಗಟ್ಟಿಯಾಗಿದೆ, ಈ ವರ್ಷವೇ ಔಷಧ ಕೊಟ್ಟರೆ ಉಳಿಯುತ್ತದೆ ಎಂದ. ಬುಡದ ಸುತ್ತ ಸಣ್ಣ ಸಣ್ಣ ತೂತು ಕೊರೆದು ಔಷಧ ಒಳಗೆ ಬಿಡಬೇಕು, ಎರಡು ವರ್ಷಕ್ಕೊಮ್ಮೆ. ಔಷಧ ಯಾವುದರದು ಎಂದು ಇವರು ಕೇಳಿದರು.

"ನೀಮ್ ಬೀಜದ್ದು. ನಿಮ್ಮ ಇಂಡಿಯಾದ ಮರ," ಎಂದ ಅವನು.

ಸರಿ, ಮುಗಿಯಿತು ಕತೆ. ನಮ್ಮವರ ಎದೆ ಎರಡಿಂಚು ಉಬ್ಬಿತು. ಆದರೆ ತೂತು ಕೊರೆಯುವ ಯಂತ್ರ ನೋಡಿದ್ದೇ ತಡ, ಹೌಹಾರಿ ಅಡ್ಡ ನಿಂತರು. ಅಣ್ಣಿಗೇರಿಯಲ್ಲಿ ಇವರ ಮನೆಯ ಮುಂದೆ ಒಂದು ಬೇವಿನ ಮರವಿತ್ತು, ಮನೆತನಕ್ಕೆ ಹೆಸರು ಕೊಟ್ಟದ್ದು ಅದೇ. ಅದಕ್ಕೆ ಕಬ್ಬಿಣ ಮುಟ್ಟಿಸುವ ಹಾಗಿರಲಿಲ್ಲ. ಕೊಡಲಿ ದೂರವಿರಲಿ, ಎತ್ತು ಕಟ್ಟಲು ಒಂದು ಬಳೆಯನ್ನೂ ಬಡಿಯುವಂತಿರಲಿಲ್ಲ. ಇವರ ಸೋದರಮಾವ ಒಮ್ಮೆ ತಂತಿ ಕಟ್ಟಲು ಒಂದು ಮೊಳೆ ಹೊಡೆದನಂತೆ, ಅದೇ ವರ್ಷ ಜೋಡೆತ್ತು ಸತ್ತವಂತೆ. ಇವರು ಹುಟ್ಟುವ ಮುಂಚಿನ ಆ ಮೊಳೆಯ ಕತೆಯನ್ನು ವಿಯೊಲೆತ್‌ಗೆ ಅರ್ಧ ಗಂಟೆ ಹೇಳಿದರು. ಮರದ ಡಾಕ್ಟರು ಗಡಿಯಾರ ನೋಡಿಕೊಳ್ಳುತ್ತಿದ್ದ.

"ಮನೆತನದ ಮರಕ್ಕೆ ಕಬ್ಬಿಣ ಬೇಡ. ಬೇವೇ ತಾನೆ? ತೂತಿಲ್ಲದೆ ನಾನು ಕೊಡುತ್ತೇನೆ," ಎಂದು ಅವಳ ಕೈಹಿಡಿದು ಹೇಳಿದರು.

ವಿಯೊಲೆತ್ ಮರವನ್ನು ನೋಡಿದಳು, ಇವರನ್ನು ನೋಡಿದಳು. ತನಗೂ ಅದಕ್ಕೆ ತೂತು ಕೊರೆಸಲು ಮನಸ್ಸಿಲ್ಲ ಎಂದು ಅವನನ್ನು ಕಳಿಸಿಬಿಟ್ಟಳು. ಅವನು ಹೋಗುವಾಗ ಒಂದು ಚೀಟಿ ಕೊಟ್ಟುಹೋದ. ಅದನ್ನು ಓದಿದ್ದು ನಾನು. ಶಾಲೆಯ ಲೈಬ್ರರಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವಳು, ಚೀಟಿ ಸಿಕ್ಕರೆ ಓದದೆ ಬಿಡುವ ಜಾತಿಯಲ್ಲ. ಮನೆಯವರೇ ಬುಡಕ್ಕೆ ಸುರಿಯುವುದು, ಕಾಂಡಕ್ಕೆ ಬಳಿಯುವುದು ಹುಳುವನ್ನು ಮುಟ್ಟುವುದಿಲ್ಲ, ಔಷಧ ರಸದೊಳಗೇ ಹೋಗಬೇಕು, ಮರದ ತಲೆಯ ಮೂರನೇ ಒಂದು ಪಾಲು ಒಣಗಿದ ಮೇಲೆ ಏನು ಮಾಡಿದರೂ ವ್ಯರ್ಥ ಎಂದು ಸ್ಪಷ್ಟವಾಗಿ ಬರೆದಿತ್ತು.

ಹೇಳಿದೆ ನಾನು. ಹೇಳಲಿಲ್ಲ ಅಂತಲ್ಲ.

"ರೀ, ಹೊರಗಿಂದ ಹಚ್ಚಿದ್ರ ಉಪಯೋಗಿಲ್ಲ ಅಂತ ಬರದಾರ ನೋಡ್ರಿ ಇಲ್ಲಿ."

"ಬರದಾಂವ ಬೇವಿನ ಮರ ಕಂಡಾನೇನು? ಬೇವಿನ ನೆಳ್ಳಾಗ ಹುಟ್ಟಿದಾಂವ ನಾನು. ನಿನಗೇನ್ ತಿಳೀತೈತಿ, ಸುಮ್ನ ಕೂಡು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಗಂಡಸರ ಜೊತೆ ಎಷ್ಟು ಅಂತ ವಾದ ಮಾಡುವುದು? ಎರಡನೆಯ ಸಲವೂ ಹೇಳಿದೆ, ಬೈಸಿಕೊಂಡೆ. ಮೂರನೆಯ ಸಲ ಹೇಳಬೇಕೆಂದು ಗ್ಯಾರೇಜಿಗೆ ಹೋದಾಗ ಇವರು ತೊಟ್ಟಿಯಲ್ಲಿ ಬೇವಿನ ಹಿಂಡಿ ಕಲಸುತ್ತಿದ್ದರು, ಗುನುಗುತ್ತಲೂ ಇದ್ದರು. ಮಗ ಹೆಸರು ತೆಗೆಸಿದಂದಿನಿಂದ ಆ ಗಂಟಲಿನಿಂದ ಹಾಡು ಹೊರಟಿರಲಿಲ್ಲ. ನನ್ನ ಮಾತು ನಾಲಿಗೆಯ ತುದಿಯಲ್ಲೇ ನಿಂತಿತು. ಚೀಟಿಯನ್ನು ಮಸಾಲೆ ಡಬ್ಬಿಗಳ ಹಿಂದೆ ತುರುಕಿ ರೊಟ್ಟಿ ಬಡಿಯಲು ಹೋದೆ.

ಆ ಎರಡು ಬೇಸಿಗೆ ನಮ್ಮ ಮನೆಯ ಪರಿಸ್ಥಿತಿ ಏನು ಹೇಳಲಿ! ಬ್ರಾಂಪ್ಟನ್‌ನಿಂದ ಬೇವಿನೆಣ್ಣೆ, ಎಲ್ಲಿಂದಲೋ ತರಿಸಿದ ಹಿಂಡಿಯ ಚೀಲ, ಜಾರ್ಜ್‌ಟೌನಿನ ಆಚೆಯ ಡೇರಿಯಿಂದ ಬಕೆಟ್ಟಿನಲ್ಲಿ ಸಗಣಿ. ಕಾರು ಆರು ತಿಂಗಳು ನಾರಿತು. ಮಗ ಮೊಮ್ಮಗಳನ್ನು ಕರೆದುಕೊಂಡು ಬಂದವನು ಕಾರು ಹತ್ತಲು ಒಪ್ಪಲಿಲ್ಲ. ಇವರು ಮಾತ್ರ ಸಂಜೆ ಐದಕ್ಕೆ ಸರಿಯಾಗಿ ಬಕೆಟ್ಟು ಹಿಡಿದು ಬೇಲಿ ದಾಟುವರು. ಬುಡಕ್ಕೆ ಹಿಂಡಿ, ಕಾಂಡಕ್ಕೆ ಲೇಪ. ವಿಯೊಲೆತ್ ಕುರ್ಚಿ ಹಾಕಿಕೊಂಡು ಕೂರುವಳು, ತನ್ನೂರಿನ ಹೆಸರುಗಳನ್ನು ಒಂದೊಂದಾಗಿ ಹೇಳುವಳು. ಇವರು ಲೇಪ ಹಚ್ಚುತ್ತಲೇ, ಅದಕ್ಕೆ ನಮ್ಮಲ್ಲಿ ಇಂಥದು ಎಂದು ಜೋಡಿಸುವರು. ನಾನು ಕಿಟಕಿಯಿಂದ ನೋಡುತ್ತ, ಹಾಳಾದ್ದು, ನಿಜವಾಗಿಯೂ ಉಳಿದರೂ ಉಳಿಯಬಹುದು, ಬೇವು ಅಲ್ಲವೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

೨೦೧೨ರ ಮೇ ಕೊನೆಗೆ ಮರ ತುಂಬಾ ಚಿಗುರಿತು. ಬೀದಿಯ ಮಿಕ್ಕ ಆಶ್ ಮರಗಳು ಬೋಳಾಗಿ ನಿಂತಿದ್ದವು. ಮರುವರ್ಷ ಕನ್ನಡ ಸಂಘದ ಯುಗಾದಿಯಲ್ಲಿ ಇವರು ಬೇವು ಬೆಲ್ಲದ ಬಟ್ಟಲು ಹಿಡಿದು ಇಪ್ಪತ್ತು ನಿಮಿಷ ಭಾಷಣ ಬಿಗಿದರು. ನಿವೃತ್ತ ಡಾಕ್ಟರು ಪುರುಷೋತ್ತಮ ಎದ್ದುನಿಂತು ಚಪ್ಪಾಳೆ ತಟ್ಟಿದರು. ನಾನು ತಟ್ಟೆಯನ್ನೇ ನೋಡುತ್ತ ಕೂತಿದ್ದೆ.

ಅದೇ ೨೦೧೩ರ ಮೇನಲ್ಲಿ ಮರದ ತಲೆ ಚಿಗುರಲಿಲ್ಲ. ಕೆಳಗಿನ ಕೊಂಬೆಗಳಲ್ಲಷ್ಟೇ ಎಲೆ. ಮರಕುಟಿಗಗಳು ಬಂದು ತೊಗಟೆಯನ್ನು ಕುಕ್ಕಿ ಕುಕ್ಕಿ ಉದುರಿಸಿದವು. ಇವರು ದಿನಕ್ಕೆ ಎರಡು ಸಲ ಹೋಗತೊಡಗಿದರು. ಲೇಪ ದಪ್ಪವಾಗುತ್ತ ಹೋಯಿತು, ಎದೆಯೆತ್ತರದವರೆಗೆ ಕಾಂಡವೇ ಕಾಣದಷ್ಟು. ಗುನುಗುವುದು ಮಾತ್ರ ಇರಲಿಲ್ಲ. ಡಿಸೆಂಬರಿನಲ್ಲಿ ಊರನ್ನೆಲ್ಲ ಗಾಜಿನಂತೆ ಮುಚ್ಚಿದ ಆ ಐಸ್ ಮಳೆ ಬಂತಲ್ಲ, ಆಗ ಒಂದು ದೊಡ್ಡ ಕೊಂಬೆ ಮುರಿದು ವಿಯೊಲೆತ್‌ಳ ಅಡಿಗೆಮನೆಯ ಸೂರಿನ ಮೇಲೆ ಬಿತ್ತು.

ವಸಂತದಲ್ಲಿ ಅದೇ ಮರದ ಡಾಕ್ಟರು ಬಂದ. ಕೈಯಿಂದ ತೊಗಟೆ ಎಳೆದ, ಅದು ಹಳೆಯ ಗೋಡೆಯ ಸುಣ್ಣದಂತೆ ಕಳಚಿತು. ಒಳಗೆಲ್ಲ ಹುಳು ಹರಿದ ಸೊಟ್ಟ ಸೊಟ್ಟ ದಾರಿ.

"ಸತ್ತಿದೆ. ಕಡಿಯಲೇಬೇಕು, ಮನೆಯ ಮೇಲೆ ಬೀಳುತ್ತದೆ," ಎಂದ. ಆಮೇಲೆ, "ಆಗ ಇಷ್ಟು ಗಟ್ಟಿಯಾಗಿತ್ತಲ್ಲ. ಯಾಕೆ ಬೇಡ ಅಂದಿರಿ? ಯಾರದೋ ಮಾತು ಯಾಕೆ ಕೇಳಿದಿರಿ?" ಎಂದು ಕೇಳಿದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇವರ ಕೈ ತಾನಾಗಿಯೇ ಎದೆಗೆ ಹೋಯಿತು.

"ನಾನೇ ಬೇಡ ಅಂದೆ. ನನ್ನ ಮರ," ಎಂದಳು ವಿಯೊಲೆತ್, ಅವನ ಮುಖ ನೋಡದೆ.

ಕಡಿಯಲು ಒಂದೇ ಬೆಳಗು ಸಾಕಾಯಿತು. ಐವತ್ಮೂರು ವರ್ಷದ ಮರ. ಇವರು ವಿಯೊಲೆತ್‌ಳ ಮೊಣಕೈ ಹಿಡಿದು ನಿಂತಿದ್ದರು, ಯಾರು ಯಾರನ್ನು ಹಿಡಿದುಕೊಂಡಿದ್ದರೋ ಹೇಳುವುದು ಕಷ್ಟ. ಗರಗಸದ ಸದ್ದಿನ ನಡುವೆ ಇವರು ಏನೋ ಹೇಳಲು ನೋಡುವರು, ಅವಳು ಕೇಳಿಸಲಿಲ್ಲವೆಂದು ಕಿವಿ ತೋರಿಸುವಳು. ಆಮೇಲೆ ಹಿತ್ತಲಲ್ಲಿ ಎಲ್ಲೆಂದರಲ್ಲಿ ಬಿಸಿಲು ಬಿದ್ದಿತ್ತು. ಇವರು ಮನೆಗೆ ಬಂದು ಹಾಸಿಗೆ ಹಿಡಿದರು. ಜ್ವರವಿಲ್ಲ, ನೋವಿಲ್ಲ. "ನನ್ನ ಕೈಲಿ ಆಗಲಿಲ್ಲ" ಎಂಬ ಒಂದೇ ಮಾತು. ಸಿದ್ಧಾರ್ಥ್ ಫೋನಿನಲ್ಲಿ, "ಇಟ್ಸ್ ಜಸ್ಟ್ ಎ ಟ್ರೀ, ಅಮ್ಮಾ" ಎಂದ. ಫೋನ್ ಇಟ್ಟುಬಿಟ್ಟೆ.

ಅಕ್ಟೋಬರಿನಲ್ಲಿ ವಿಯೊಲೆತ್ ಮನೆ ಮಾರಿದಳು. ಸಡ್‌ಬರಿಯಲ್ಲಿರುವ ಅವಳ ತಂಗಿಯ ಮಗಳು ಕರೆದೊಯ್ಯಲು ಬಂದಿದ್ದಳು. ಹೊರಡುವ ಮುಂಚೆ ವಿಯೊಲೆತ್ ಚಹಾಕ್ಕೆಂದು ನಮ್ಮ ಮನೆಗೆ ಬಂದಳು. ತಂಗಿಯ ಮಗಳು ಹೊರಗೆ ಕಾರಿಗೆ ಸಾಮಾನು ತುಂಬುತ್ತಿದ್ದಳು. ಆರು ತಿಂಗಳಿನಿಂದ ಇವರು ವಿಯೊಲೆತ್‌ಳ ಮುಖ ನೋಡಿ ಸರಿಯಾಗಿ ಮಾತಾಡಿರಲಿಲ್ಲ. ಅವಳು ಒಂದು ಗುಟುಕು ಕುಡಿಯುವಷ್ಟರಲ್ಲಿ ಇವರು ಕಪ್ಪು ಕೆಳಗಿಟ್ಟು, "ನಿಮ್ಮ ಮರವನ್ನು ಕೊಂದವನು ನಾನು," ಎಂದುಬಿಟ್ಟರು.

"ಗೊತ್ತು," ಎಂದಳು ವಿಯೊಲೆತ್.

ಇವರು ಬೆಚ್ಚಿ ನೋಡಿದರು.

"ಮೊದಲ ಬೇಸಿಗೆಯಲ್ಲೇ ಗೊತ್ತಿತ್ತು. ಆ ಮರದ ಡಾಕ್ಟರು ನನಗೆ ಎರಡು ಸಲ ಫೋನ್ ಮಾಡಿದ. ನೀವು ಬಳಿಯುತ್ತಿರುವುದು ಒಳಗೆ ಹೋಗುವುದಿಲ್ಲ, ಈಗಲಾದರೂ ಕರೆಯಿರಿ ಎಂದ. ಕರೆದರೆ ಅವನು ಒಂದು ದಿನ ಬಂದು ಹೋಗುತ್ತಿದ್ದ. ನೀವು ದಿನಾ ಬರುತ್ತಿದ್ದಿರಿ." ಅವಳು ಕರವಸ್ತ್ರವನ್ನು ಮಡಿಸಿ ಬಿಚ್ಚಿ ಮಾಡಿದಳು. "ಲೂಸಿಯೆನ್ ಹೋದ ಮೇಲೆ ನನ್ನ ಹಿತ್ತಲಿಗೆ ಯಾರೂ ಬಂದಿರಲಿಲ್ಲ, ಮೊಸ್ಯೊ ಬೇವಿನಮರದ."

ಇವರು ತಲೆಯ ಮೇಲೆ ಕೈ ಹೊತ್ತು ಕೂತರು. ಆಮೇಲೆ ಕನ್ನಡದಲ್ಲಿ, ನನ್ನ ಕಡೆ ತಿರುಗಿ ಹೇಳಿದರು.

"ನನಗೂ ಗೊತ್ತಾಗಿತ್ತು, ನೀಲಾ. ಎರಡ್ನೇ ಬೇಸಿಗ್ಯಾಗನ ತೊಗಟ್ಯಾಗ ದುಂಬಿ ಹೊರಗ ಬಂದ ತೂತು ನೋಡಿದ್ನಿ. ಅದರ ಮ್ಯಾಲನ ಲೇಪ ಹಚ್ಚಿ ಮುಚ್ಚಿದ್ನಿ. ಅಕಿ ನನ್ನ ಹೆಸರು ಪೂರಾ ಕರೀತಿದ್ಲು. ಹೆಂಗ ಹೇಳ್ಲಿ ಅಕಿಗೆ?"

ಅಯ್ಯೋ ನನ್ನ ಶಿವನೇ! ಕೂಗಾಡಬೇಕು ಅನ್ನಿಸಿತು, ಇಬ್ಬರ ರಟ್ಟೆಯನ್ನೂ ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಆದರೆ ಯಾವ ಮುಖ ಇಟ್ಟುಕೊಂಡು? ಇವರ ಮಾತನ್ನು ವಿಯೊಲೆತ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಾಗಲಿಲ್ಲ. ಚೀಟಿ ಓದಿದ್ದನ್ನು, ಎರಡು ಸಲ ಹೇಳಿ ಮೂರನೆಯ ಸಲ ನುಂಗಿದ್ದನ್ನು, ಬೇಲಿ ದಾಟಿ ಅವಳಿಗೆ ಒಂದು ಮಾತು ಹೇಳಲು ಮೂರು ವರ್ಷ ಸಮಯವಿದ್ದೂ ಹೇಳದೆ ಹೋದದ್ದನ್ನು, ಎಲ್ಲ ಹೇಳಿದೆ. ಇವರು ಮತ್ತೆ ಗುನುಗುತ್ತಿದ್ದರು, ಅದಕ್ಕೇ ಹೇಳಲಿಲ್ಲ ಎಂದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

ವಿಯೊಲೆತ್ ನಮ್ಮಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಹಾಗಾದರೆ," ಎಂದಳು ಮೆಲ್ಲಗೆ, "ಮರದ ಪರವಾಗಿ ನಮ್ಮಲ್ಲಿ ಯಾರೂ ಇರಲಿಲ್ಲ."

ಹೊರಗೆ ಅವಳ ತಂಗಿಯ ಮಗಳು ಹಾರ್ನ್ ಹಾಕಿದಳು. ವಿಯೊಲೆತ್ ಎದ್ದು ಕೋಟು ಹಾಕಿಕೊಳ್ಳತೊಡಗಿದಳು. ಒಂದು ತೋಳು ಸಿಗದೆ ತಡಕಾಡುತ್ತಿದ್ದಳು. ಅವಳಿಗೆ ಕೈಹಚ್ಚಬೇಕೆಂದು ನಮಗಿಬ್ಬರಿಗೂ ತೋಚಲಿಲ್ಲ.